ಅಂಬಿಗನಿಗೆ ಕಟ್ಟಿದ ಬುತ್ತಿ

ಮೊನ್ನೆ ಮಂಗಳವಾರ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದೆ. ಈ ಕೆಲಸ ಮಾಡಿದವರಿಗೆ ಗೊತ್ತು, ಒಮ್ಮೆ ಕೈ ಹಾಕಿದರೆ ಮುಂಗೈವರೆಗೆ ಅಂಟು. ನಡುವೆ ಎದ್ದು ಬಾಗಿಲು ತೆಗೆಯುವ ಹಾಗಿಲ್ಲ, ಮೂಗು ತುರಿಸಿದರೆ ತುರಿಸಿಕೊಳ್ಳುವ ಹಾಗಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಯಾರೋ ಬಾಗಿಲು ಬಡಿಯುತ್ತಾರೆ. "ತೆರದದ, ದೂಡಿ ಬರ್ರಿ" ಎಂದು ಕೂತಲ್ಲಿಂದಲೇ ಕೂಗಿದೆ. ಬಂದವರು ರಾಯಚೂರಿನ ಕಾಲೇಜಿನಲ್ಲಿ ಕನ್ನಡ ಕಲಿಸುವ ಅಕ್ಕೋರು. ಹೋದ ವರ್ಷ ಒಮ್ಮೆ ಬಂದು ನಮ್ಮ ಮಾವನವರ ಬಗ್ಗೆ ಏನೇನೋ ಕೇಳಿ ಬರೆದುಕೊಂಡು ಹೋಗಿದ್ದರು. ಈ ಸಲ ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿದರು.

"ಅಮ್ಮಾ, ನಿಮ್ಮ ಮಾವನವರು ಓದುವ ಮಂದಿಗೆ ಬರೆದ ಪತ್ರಗಳದ್ದು ಪುಸ್ತಕ ಆಗ್ತದ. ಅಚ್ಚಿಗೆ ಒಪ್ಪ್ಯಾರ."

ಅಂಟುಗೈಯನ್ನು ಹಣೆಗೆ ಮುಟ್ಟಿಸಿ ಶಿವನಿಗೆ ಶರಣು ಅಂದೆ. ಹಣೆಯ ವಿಭೂತಿಗೆ ಹುಣಸೆ ಮೆತ್ತಿತು. ಅಕ್ಕೋರು ನಕ್ಕರು, ಚೀಲದಿಂದ ಕಾಗದದ ಕಟ್ಟು ತೆಗೆದು ನನ್ನ ಮುಂದೆ ಹರವಿದರು. ಮಾನ್ವಿ, ಸಿಂಧನೂರು, ದೇವದುರ್ಗ, ಹುನಗುಂದ, ಎಲ್ಲೆಲ್ಲಿಯೋ ಮನೆಗಳ ಪೆಟ್ಟಿಗೆ ತಳದಲ್ಲಿ, ದೇವರ ಜಗಲಿಯ ಮೇಲೆ ಉಳಿದಿದ್ದ ಕಾರ್ಡುಗಳು. ನೋಡಿದ ಕೂಡಲೇ ಗುರುತು ಸಿಕ್ಕಿತು. ಅಕ್ಷರ ನನ್ನವು. ಗುಂಡಗೆ, ಒಂದಕ್ಕೊಂದು ತಾಗದಂತೆ, ಎಣ್ಣೆಗೆ ಬಿಡುವ ಮೊದಲು ಸಾಲಾಗಿ ಒತ್ತಿಟ್ಟ ಚಕ್ಕುಲಿಯಂಥ ಅಕ್ಷರ.

"ಇದೊಂದು ಮಾತ್ರ ಉರ್ದು ಲಿಪಿಯೊಳಗದ" ಎಂದು ಅಕ್ಕೋರು ಒಂದು ಕಾಗದವನ್ನು ಬೇರೆ ತೆಗೆದರು. "ಮಾತು ಪೂರಾ ಕನ್ನಡ, ಲಿಪಿ ಉರ್ದು. ಇಡೀ ಪುಸ್ತಕದಾಗ ಇದಕ್ಕ ಬೆಲಿ ಜಾಸ್ತಿ ಅಂತಾರ ನಮ್ಮ ಹಿರಿಯರು."

ನನಗೆ ನಗು ತಡೆಯಲಿಲ್ಲ. ಅಷ್ಟೂ ಪತ್ರಗಳಲ್ಲಿ ಹೋದ ಕೆಲಸ ಮಾಡದೆ ಸೋತು ಬಂದದ್ದು ಅದೊಂದೇ. "ಯಾಕ ನಗತೀರಿ? ಅದರ ಕಥಿ ಹೇಳ್ರಿ ಹಂಗಾದ್ರ" ಅಂದರು. ಹೇಳಿದೆ. ಕೇಳಿ, "ಇದನ್ನ ಹಿಂಗ ಬರದು ಕೊಡ್ರಿ" ಅಂದರು. ಬರೆಯುತ್ತಿದ್ದೇನೆ. ನೇರ ದಾರಿ ಹಿಡಿದು ಹೋಗುವ ಅಭ್ಯಾಸ ನನಗಿಲ್ಲ, ಓದುವವರು ಸ್ವಲ್ಪ ಸೈರಿಸಿಕೊಳ್ಳಬೇಕು.

ನಮ್ಮ ಮಾವನವರು ನಿಜಾಮರ ಕಾಲದಲ್ಲಿ ಮಾನ್ವಿಯ ತಹಸೀಲ ಕಚೇರಿಯಲ್ಲಿ ಪೇಶಕಾರರು. ತಹಸೀಲ್ದಾರ ಸಾಹೇಬರ ಮುಂದೆ ಕಾಗದ ಇಟ್ಟು ಓದಿ ಹೇಳುವ ಕೆಲಸ. ಎಲ್ಲ ಉರ್ದು. ಅವರು ಕಲಿತ ಸಾಲೆಯೂ ಉರ್ದುವಿನದೇ. ಮನೆಯಲ್ಲಿ ಆಡುವುದು ಕನ್ನಡ, ಬೈಯುವುದು ಕನ್ನಡ, ಕನಸು ಬಿದ್ದರೆ ಅದೂ ಕನ್ನಡವೇ ಇರಬೇಕು, ಆದರೆ ಕನ್ನಡ ಅಕ್ಷರ ಮಾತ್ರ ಬಾರದು. "ಎಲ್ಲಾ ಒಂದ ನಮೂನಿ ಕಡಬು ಇಟ್ಟಂಗ ಕಾಣ್ತಾವ" ಅನ್ನುತ್ತಿದ್ದರು. ನಾನು ಹೊಳೆಯಾಚೆ ಬಾಗಲಕೋಟೆ ಕಡೆಯವಳು. ಅದು ಮುಂಬೈ ಇಲಾಖೆ, ಹೆಣ್ಣುಮಕ್ಕಳೂ ಕನ್ನಡ ಸಾಲೆಗೆ ಹೋಗುತ್ತಿದ್ದೆವು. ನಾನು ನಾಲ್ಕನೆಯ ಇಯತ್ತೆ ಮುಗಿಸಿದ್ದೆ. ಹೆಣ್ಣು ನೋಡಲು ಬಂದಾಗ ನಮ್ಮ ಅತ್ತೆ ಅದೊಂದೇ ಮಾತಿಗೆ ಹಿಂದೆಗೆದರಂತೆ. "ಓದಿದಾಕಿ ಅಂತ. ರೊಟ್ಟಿ ಬಡಿತಾಳೋ ಇಲ್ಲೋ" ಎಂದು. ಮಾವನವರು, "ಬಡೀದಿದ್ರ ನೀ ಅದಿಯಲ್ಲ" ಅಂದರಂತೆ. ಹಾಗಾಗಿ ನಾನು ಈ ಮನೆಗೆ ಬಂದೆ. ಇದನ್ನು ನಾನು ಮೊದಲನೆಯ ಕೃಪೆ ಎಂದು ಎಣಿಸಿಕೊಂಡಿದ್ದೇನೆ.

ಮಾವನವರಿಗೆ ಒಂದು ಹುಚ್ಚು. ಮನೆ ಮುಂದಿನ ಕಟ್ಟೆಯ ಮೇಲೆ ಕೂತು, ಇಲ್ಲದ ಊರಿನ ಕಥೆ ಹೇಳುವುದು. ಕೃಷ್ಣೆಯ ಮಡುವಿನ ತಳದಲ್ಲಿ ಒಂದು ಊರಿದೆ. ಅಲ್ಲಿ ನೀರಿನೊಳಗೇ ದೀಪ ಉರಿಯುತ್ತವೆ, ಮೀನು ಗುಬ್ಬಿಯಂತೆ ಮಾಡಿನಲ್ಲಿ ಗೂಡು ಕಟ್ಟುತ್ತವೆ. ಹೊಳೆಯಲ್ಲಿ ಮುಳುಗಿದವರೆಲ್ಲ ಅಲ್ಲಿರುತ್ತಾರೆ. ಆ ಊರಿನ ಒಂದು ಅಗಳು ತಿಂದರೂ ಮೇಲಿನ ದಾರಿ ಮರೆತುಹೋಗುತ್ತದೆ. ದುರುಗ ಎಂಬ ಅಂಬಿಗ. ಅವನ ಹರಗೋಲು ಮಗುಚಿ ಒಂದು ಮದುವೆ ದಿಬ್ಬಣವೇ ಮುಳುಗಿತು, ಅವನೊಬ್ಬ ಉಳಿದ. ಉಳಿದವನು ದಂಡೆಯಲ್ಲಿ ಅಳುತ್ತ ಕೂರಲಿಲ್ಲ, ಮಡುವಿಗೆ ಇಳಿದ. ದಿಬ್ಬಣದವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಮೇಲಕ್ಕೆ ಕಳಿಸುತ್ತಾನೆ. ಎಲ್ಲರೂ ಬರುವವರೆಗೆ ತಾನು ಬರುವುದಿಲ್ಲ.

ಕಟ್ಟೆಯ ಮೇಲೆ ಕೇಳಿದವರು ಎದ್ದು ಹೋದರೆ ಕಥೆಯೂ ಎದ್ದು ಹೋಯಿತು. ನನಗೆ ಹೊಟ್ಟೆ ಉರಿಯುತ್ತಿತ್ತು. ಮಾಡಿದ ಅಡಿಗೆ ಚೆಲ್ಲಿದ ಹಾಗೆ. ಒಂದು ದಿನ ಧೈರ್ಯ ಮಾಡಿ, "ಮಾವಾರ, ನೀವು ಹೇಳ್ರಿ, ನಾ ಬರಿತೀನ್ರಿ" ಅಂದೆ. ಆಗ ಶುಕ್ರವಾರ ಕಚೇರಿಗೆ ರಜೆ. ನನಗೆ ಶುಕ್ರವಾರವೆಂದರೆ ಮನೆ ಸಾರಿಸಿ ಜಗಲಿ ತೊಳೆದು ಪೂಜೆ ಮಾಡುವ ದಿನ. ಪೂಜೆ ಮುಗಿಯುವವರೆಗೆ ಅವರು ಕಟ್ಟೆಯ ಮೇಲೆ ಚಡಪಡಿಸುತ್ತ ಅಡ್ಡಾಡುತ್ತಿದ್ದರು. "ಆತೇನ ಯವ್ವಾ ನಿನ್ನ ದೇವ್ರದ್ದು? ದುರುಗ ನೀರಾಗ ನಿಂತಾನ" ಎಂದು ಕೂಗುತ್ತಿದ್ದರು. ಯುದ್ಧದ ಕಾಲ, ಪೇಟೆಯಲ್ಲಿ ಕಾಗದ ಸಿಗದು. ಆದರೆ ಪೇಶಕಾರರ ಮನೆಯಲ್ಲಿ ಒಂದೇ ಮಗ್ಗುಲು ಬರೆದ ಹಳೆಯ ರದ್ದಿಗೆ ಬರವಿರಲಿಲ್ಲ. ಒಂದು ಮಗ್ಗುಲಲ್ಲಿ ಯಾರದೋ ಹೊಲದ ತಕರಾರು ಉರ್ದುವಿನಲ್ಲಿ, ಇನ್ನೊಂದು ಮಗ್ಗುಲಲ್ಲಿ ಮಡುವಿನ ಊರು ಕನ್ನಡದಲ್ಲಿ. ಇದು ಎರಡನೆಯ ಕೃಪೆ.

ನನ್ನ ಯಜಮಾನರು ರಾಯಚೂರಿನಲ್ಲಿ ಹತ್ತಿ ಗಿರಣಿಯಲ್ಲಿದ್ದರು. ಅವರೇ ಆ ಕಾಗದಗಳನ್ನು ಧಾರವಾಡದ ಒಂದು ಮಾಸಪತ್ರಿಕೆಗೆ ಕಳಿಸಿದ್ದು. ಅಚ್ಚಾಯಿತು. ತಿಂಗಳು ತಿಂಗಳು ಬರಲಿ ಅಂದರು. ನಾಲ್ಕು ತಿಂಗಳಾಗುವಷ್ಟರಲ್ಲಿ ಅಂಚೆಯವನು ನಮ್ಮ ಮನೆಯ ದಾರಿಯನ್ನು ಕಣ್ಣು ಮುಚ್ಚಿ ನಡೆಯುವಂತಾದ.

ಎಂಥೆಂಥ ಪತ್ರಗಳು ಅಂತೀರಿ! ಮಡು ಇರುವುದು ಯಾವ ಊರ ಹತ್ತಿರ, ಬಸ್ಸು ಎಲ್ಲಿಯವರೆಗೆ ಹೋಗುತ್ತದೆ ಎಂದು ಒಬ್ಬರು. ಹೋದ ತಿಂಗಳು ಅಮಾವಾಸ್ಯೆ ಆದ ಮೂರನೆಯ ದಿನಕ್ಕೇ ಬೆಳದಿಂಗಳು ಹೇಗೆ ಬಂತು, ಪಂಚಾಂಗ ನೋಡಿ ಬರೆಯಿರಿ ಎಂದು ಒಬ್ಬ ಜೋಯಿಸರು. ಬಾಗಲವಾಡದ ಒಬ್ಬ ರೈತ ತನ್ನ ಹೊಸ ಹೋರಿಗೆ ದುರುಗ ಎಂದು ಹೆಸರಿಟ್ಟಿದ್ದೇನೆ, ಅದು ನೀರು ಕಂಡರೆ ಹೆದರುತ್ತದೆ, ಹೆಸರು ಬದಲಿಸಲೇ ಎಂದು ಕೇಳಿದ್ದ. ಇನ್ನೊಬ್ಬರು ಕಥೆ ಬರೆದವರನ್ನು ಕಣ್ಣಾರೆ ನೋಡಬೇಕೆಂದು ಸಿಂಧನೂರಿನಿಂದ ಬಂದೇಬಿಟ್ಟರು. ಆಗ ಮಾವನವರು ಅಂಗಳದಲ್ಲಿ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಲಂಗೋಟಿಯಲ್ಲಿ ಕೂತಿದ್ದರು. ಬಂದವರು ಅವರನ್ನೇ, "ಪೇಶಕಾರ ಸಾಹೇಬರು ಅದಾರೇನು?" ಎಂದು ಕೇಳಿದರು. ಮಾವನವರು ಕಣ್ಣು ಮಿಟುಕಿಸದೆ, "ಊರಿಗೆ ಹೋಗ್ಯಾರ್ರಿ" ಅಂದುಬಿಟ್ಟರು. ಆ ಮನುಷ್ಯ ಹೊಸ್ತಿಲಿಗೆ ನಮಸ್ಕಾರ ಮಾಡಿ ಹೋದ. ಆಮೇಲೆ ಎರಡು ದಿನ ಮಾವನವರಿಗೆ ಊಟ ಸೇರಲಿಲ್ಲ. ಹುಡುಕಿ ಹುಡುಕಿ ವಿಳಾಸ ತೆಗೆದು, ತಪ್ಪಾಯಿತೆಂದು ನನ್ನ ಕೈಯಿಂದ ಮೂರು ಪುಟ ಬರೆಸಿದರು.

ಎಲ್ಲರಿಗೂ ಉತ್ತರ ಹೋಗಬೇಕು. ಅದು ಅವರ ಹಟ. "ಮನಿಗೆ ಬಂದಾವ್ರನ್ನ ನೀರು ಕೊಡದ ಕಳಸ್ತೀವೇನು? ಕಾಗದನೂ ಹಂಗ" ಅನ್ನುವರು. ಜೋಯಿಸರಿಗೆ ಮಡುವಿನ ಊರಿನ ಚಂದ್ರನ ಲೆಕ್ಕವೇ ಬೇರೆ ಎಂದು ನಾಲ್ಕು ಮಗ್ಗುಲು ಹೋಯಿತು. ಹೋರಿಯ ರೈತನಿಗೆ, ದುರುಗನೂ ಮೊದಲು ನೀರಿಗೆ ಹೆದರಿದ್ದ, ಸಾವಕಾಶ ಮಾಡು ಎಂದು ಹೋಯಿತು. ಒಂದೊಂದು ಶುಕ್ರವಾರ ಉತ್ತರ ಬರೆಯುವುದರಲ್ಲೇ ಹೊತ್ತು ಮುಳುಗುತ್ತಿತ್ತು, ಕಥೆ ಒಂದು ಗೆರೆ ಮುಂದೆ ಹೋಗುತ್ತಿರಲಿಲ್ಲ. ಧಾರವಾಡದವರು ಬಿಸಿಯಾಗಿಯೇ ಒಂದು ಕಾಗದ ಬರೆದರು. ಅತ್ತೆ, "ಹೆಸರು ಬಂತು ಹೆಸರು! ಉಪ್ಪಿನಕಾಯಿ ಹಾಕ್ರಿ ಅದನ್ನ" ಎಂದು ಹಂಗಿಸುತ್ತಿದ್ದರು. ಆದರೆ ಬಾವಿ ಕಟ್ಟೆಯಲ್ಲಿ ನಾಲ್ಕು ಹೆಂಗಸರು ಸೇರಿದರೆ, "ನಮ್ಮನಿಯವರಿಗೆ ಹುನಗುಂದದಿಂದ ಸೈತ ಕಾಗದ ಬಂದಾವ" ಎಂದು ಹೇಳದೆ ಕೊಡ ಎತ್ತುತ್ತಿರಲಿಲ್ಲ. ನಾನೇನು ಕಡಿಮೆ? ನನ್ನ ಅಕ್ಷರ ಊರೂರು ತಿರುಗುತ್ತಿದೆ ಎಂದು ಒಳಗೊಳಗೇ ಬೀಗಿದವಳೇ. ಆಮೇಲೆ ದೇವರ ಮುಂದೆ ಕೂತು ಗಲ್ಲ ಬಡಿದುಕೊಳ್ಳುತ್ತಿದ್ದೆ.

ಹೀಗಿರುವಾಗ ದೇವದುರ್ಗದಾಚೆ ಹೊಳೆದಂಡೆಯ ಒಂದು ಹಳ್ಳಿಯಿಂದ ಬಸಣ್ಣ ಎಂಬವನ ಪತ್ರ ಬಂತು. ನಾನು ಅದನ್ನು ಓದಿ ಹೇಳುತ್ತಿದ್ದ ಹಾಗೆ ಮಾವನವರು ಕೈಯಲ್ಲಿದ್ದ ಅಡಕೆ ಕೆಳಗಿಟ್ಟರು. ಬಸಣ್ಣ ಪ್ರತಿ ತಿಂಗಳೂ ಪತ್ರಿಕೆ ತಂದು ತನ್ನ ತಾಯಿ ನೀಲವ್ವನಿಗೆ ಕಥೆ ಓದಿ ಹೇಳುತ್ತಿದ್ದ. ಶ್ರಾವಣದಲ್ಲಿ ನೀಲವ್ವ ದುರುಗನ ಹೆಸರಿನಲ್ಲಿ ಒಪ್ಪತ್ತು ಹಿಡಿದಳು. ದಿನಕ್ಕೆ ಒಂದೇ ಊಟ. ಈಗ ಐದು ತಿಂಗಳಾಯಿತು. "ಅಂಬಿಗ ಮನೆಗೆ ಬರುವವರೆಗೆ ಎಂದು ವ್ರತ ಹಿಡಿದಂತೆ ಕಾಣುತ್ತದೆ. ಬಿಡು ಎಂದರೆ ಕೇಳುವುದಿಲ್ಲ. ಅವ್ವನ ವಯಸ್ಸು ಎಪ್ಪತ್ತು ದಾಟಿದೆ. ಕಣ್ಣು ಕತ್ತಲೆ ಬಂದು ಎರಡು ಸಲ ಬಿದ್ದಳು. ತಾವು ದೊಡ್ಡವರು, ಆ ದುರುಗನನ್ನು ಬೇಗ ಮೇಲಕ್ಕೆ ತಂದು ನಮ್ಮ ಅವ್ವನನ್ನು ಉಳಿಸಿಕೊಡಬೇಕು" ಎಂದು ಬರೆದಿದ್ದ.

ನನಗೆ ಒಂದು ಗುಟ್ಟು ಗೊತ್ತಿತ್ತು. ದುರುಗ ಬರುವುದಿಲ್ಲ. ದಿಬ್ಬಣದ ಕೊನೆಯವನನ್ನು ಕಳಿಸಿ ಅವನು ಆ ಊರಿನಲ್ಲೇ ನಿಲ್ಲುತ್ತಾನೆ, ಮುಂದೆ ಮುಳುಗುವವರಿಗೆ ದಾರಿ ತೋರಿಸುವವನು ಒಬ್ಬ ಬೇಕಲ್ಲ ಎಂದು. ಅದು ಮೊದಲ ಶುಕ್ರವಾರವೇ ಮಾವನವರು ಹೇಳಿದ ಕೊನೆ. ಅದಕ್ಕಾಗಿಯೇ ಇಡೀ ಕಥೆ.

ಮಾವನವರು ಕಾಗದ ನನ್ನ ಮುಂದೆ ಸರಿಸಿ, "ಬರಿ" ಅಂದರು. "'ತಾಯೀ, ದುರುಗ ಅನ್ನಾಂವ ಇಲ್ಲ. ಆ ಊರೂ ಇಲ್ಲ. ಕಟ್ಟಿ ಮ್ಯಾಲ ಕುಂತು ಹೊತ್ತು ಹೋಗಲಾರದ ನಾನ ಹುಟ್ಟಿಸಿದ್ದು. ಇಲ್ಲದಾವನ ಸಲುವಾಗಿ ಉಪವಾಸ ಬ್ಯಾಡ. ಎರಡು ಹೊತ್ತು ಉಣ್ಣು.' ಬರದೇನು?"

ನಾನು ಟಾಕು ಕೆಳಗಿಟ್ಟೆ. "ಇದನ್ನ ನನ್ನ ಕೈಲೆ ಬರಿಯಾಕ ಆಗಂಗಿಲ್ರಿ ಮಾವಾರ."

"ಯಾಕ?"

"ಹಿಡಿದ ವ್ರತ ಬಿಡು ಅಂತ ಬರದ್ರ ನನ್ನ ಕೈಗೆ ಪಾಪ ಹತ್ತತದ್ರಿ."

"ಯಾ ದೇವ್ರ ವ್ರತ ಅದು? ನಾ ಹುಟ್ಟಿಸಿದ ಅಂಬಿಗಂದು!"

"ವ್ರತ ಹಿಡಿದಾಕಿದ್ರಿ. ಯಾರ ಹೆಸರ್ಲೆ ಹಿಡಿದಾಳ ಅವಂದಲ್ಲ."

ಸೊಸೆಯಾಗಿ ಬಂದು ಮೂರು ವರ್ಷದಲ್ಲಿ ಅವರ ಮಾತು ಮೀರಿದ್ದು ಅದೇ ಮೊದಲು. ಒಳಗಿನಿಂದ ಅತ್ತೆ ಇಣುಕಿ ನೋಡಿದರು. ಮಾವನವರು ಬೈಯಲಿಲ್ಲ. ಕಾಗದ ತಮ್ಮ ಕಡೆ ಎಳೆದುಕೊಂಡು, ತಾವೇ ಟಾಕು ಅದ್ದಿ, ಬಲದಿಂದ ಎಡಕ್ಕೆ ಸರಸರ ಬರೆದರು. ತಮಗೆ ಬರುವ ಲಿಪಿಯಲ್ಲಿ, ತಾಯಿಗೆ ತಿಳಿಯುವ ಮಾತಿನಲ್ಲಿ. ಮಡಚಿ, ತಾವೇ ಅಂಚೆಗೆ ಹಾಕಿ ಬಂದರು. ಅಕ್ಕೋರ ಚೀಲದಲ್ಲಿದ್ದದ್ದು ಆ ಕಾಗದವೇ.

ಅದನ್ನು ಬಸಣ್ಣ ಓದಲಾರದೆ ಹೋದ. ಊರವರೇ ನಡೆಸುವ ಗಾಂವಟಿ ಸಾಲೆಯ ಅಯ್ಯನವರ ಹತ್ತಿರ ಕಲಿತವನಿಗೆ ಕನ್ನಡವಷ್ಟೇ ಬರುವುದು. ಊರಿನ ಸರಕಾರಿ ಸಾಲೆಯ ಮಾಸ್ತರರ ಹತ್ತಿರ ಒಯ್ದ. ಅವರು ಹೈದರಾಬಾದಿನಿಂದ ಆಗಷ್ಟೇ ಬಂದವರು, ಕನ್ನಡದ ಒಂದು ಶಬ್ದ ತಿಳಿಯದು. ಆದರೂ ಒಳ್ಳೆಯ ಮನುಷ್ಯರು, ನೀಲವ್ವನ ಪಡಸಾಲೆಯಲ್ಲಿ ಬಂದು ಕೂತು, ಅಕ್ಷರ ಕೂಡಿಸಿ ಕೂಡಿಸಿ, ತಮಗೇ ಅರ್ಥವಾಗದ್ದನ್ನು ಗಟ್ಟಿಯಾಗಿ ಓದಿದರು. ಅವರ ಬಾಯಿಂದ ಹೊರಟದ್ದನ್ನು ಮುದುಕಿ ಕೇಳಿ ಪೂರ್ತಿ ತಿಳಿದುಕೊಂಡಳು. ಹದಿನೈದು ದಿನಕ್ಕೆ ಬಸಣ್ಣನ ಕಾರ್ಡು ಬಂತು. "ಅವ್ವ ಹೇಳುತ್ತಾಳೆ: ಇಲ್ಲ ಅನ್ನುವವರು ಬಂದು ನನ್ನ ಎದುರಿಗೆ ಇಲ್ಲ ಅನ್ನಲಿ. ಬಂದವರು ಉಂಡು ಹೋಗಲಿ."

"ನಡೀರಿ ಹಂಗಾದ್ರ" ಅಂದರು ಅತ್ತೆ. "ಈಕಿನ್ನೂ ಕರಕೊಂಡು ಹೋಗ್ರಿ. ಹೆಂಗಸಿನ ಮಾತು ಹೆಂಗಸಿಗೆ ತಿಳಿತದ. ನಿಮಗೇನ್ ತಿಳಿತದ, ನೀರಾಗ ದೀಪ ಹಚ್ಚಾವ್ರಿಗೆ?"

ಹೋದೆವು. ಮಾನ್ವಿಯಿಂದ ರಾಯಚೂರಿಗೆ, ಯಜಮಾನರ ಬಾಡಿಗೆ ಕೋಲಿಯಲ್ಲಿ ಒಂದು ದಿನ ಇದ್ದು ದೇವದುರ್ಗಕ್ಕೆ. ಯುದ್ಧದಿಂದ ಪೆಟ್ರೋಲು ಇಲ್ಲದೆ ಬಸ್ಸು ಇದ್ದಲಿಯ ಹೊಗೆಯಿಂದ ಓಡುತ್ತಿತ್ತು. ಏರು ಬಂದರೆ ಗಂಡಸರೆಲ್ಲ ಇಳಿದು ದೂಡಬೇಕು. ಬಸ್ಸಿನಲ್ಲಿ ಪಕ್ಕ ಕೂತ ಒಬ್ಬ ಜವಳಿ ವ್ಯಾಪಾರಿ ಮಾವನವರಿಗೆ ಮಡುವಿನ ಊರಿನ ಕಥೆ ಹೇಳತೊಡಗಿದ. ಅರ್ಧ ತಪ್ಪು. ದುರುಗನಿಗೆ ಇಬ್ಬರು ಹೆಂಡರು ಎಂದು ಬೇರೆ ಸೇರಿಸಿದ. ನಾನು ಸೆರಗು ಬಾಯಿಗೆ ತುರುಕಿಕೊಂಡು ನಗು ತಡೆದೆ. ಮಾವನವರು, "ಹೌದ್ರೀ? ಆಮ್ಯಾಲೇನಾತು?" ಎಂದು ಕೇಳುತ್ತ ಬಂದರು. ಕೊನೆಗೆ ಆತ, "ಬರದಾಂವ ಯಾರೋ ಭಾರಿ ಸಿದ್ಧಪುರುಷ ಅಂತ್ರಿ. ಊಟ ನಿದ್ದಿ ಇಲ್ಲಂತ" ಅಂದ. "ಇರಬೇಕ್ರಿ" ಅಂದರು ಮಾವನವರು, ನಾನು ಕಟ್ಟಿಕೊಟ್ಟಿದ್ದ ಮೂರನೆಯ ರೊಟ್ಟಿ ಮುರಿಯುತ್ತ. ದೇವದುರ್ಗದಿಂದ ಮುಂದೆ ಬಸಣ್ಣ ಬಂಡಿ ತಂದಿದ್ದ. ದಾರಿಯಲ್ಲಿ ಮಾವನವರು, "ಆ ಮುದಕಿಗೇನಾದ್ರೂ ಆದ್ರ ನಾ ಇನ್ನ ಬಾಯಿ ತೆರಿಯಂಗಿಲ್ಲ ಯವ್ವಾ" ಅಂದರು. ಆ ಮನುಷ್ಯ ಆಡಿದರೆ ಆಡಿದಂತೆ.

ನೀಲವ್ವ ಒಲೆಯ ಮುಂದೆ ಕೂತಿದ್ದಳು. ರವಿಕೆಯ ತೋಳು ಜೋತುಬಿದ್ದಿದ್ದವು, ಕೊರಳ ಎಲುಬು ಎಣಿಸಬಹುದಿತ್ತು. ಕಣ್ಣು ಮಾತ್ರ ಚುರುಕು. ಏಳಲಿಲ್ಲ. "ಬರ್ರಿ" ಎಂದು, ಮಾವನವರನ್ನು ಮೇಲಿಂದ ಕೆಳಗೆ ನೋಡಿದಳು.

"ನೀನ ಏನಪಾ ಆ ಕಥಿ ಹೇಳಾಂವ?"

"ಹೌದವ್ವಾ."

"ಆ ಮಾಸ್ತರ ನಿನ್ನ ಕಾಗದ ಓದಿದ. ಅವಗ ಒಂದು ಮಾತೂ ತಿಳೀಲಿಲ್ಲ. ನನಗ ಎಲ್ಲಾ ತಿಳೀತು." ರೊಟ್ಟಿ ಮಗುಚಿ ಹಾಕಿದಳು. "ನಿನ್ನ ಕಥಿನೂ ಹಂಗ. ಓದಾಂವ ನೀನು. ತಿಳಿಯೂದು ನನಗ."

ನಲವತ್ತು ವರ್ಷ ತಹಸೀಲ್ದಾರರ ಮುಂದೆ ನಿಂತ ನಮ್ಮ ಮಾವನವರು ಒಲೆಯ ಮುಂದೆ ನೆಲಕ್ಕೆ ಕುಳಿತರು. ಆಮೇಲೆ ಮೆತ್ತಗೆ, "ಹಠ ಮಾಡಬ್ಯಾಡವ್ವಾ. ನೀ ಉಣ್ಣು. ಮುಂದಿನ ತಿಂಗಳ ದುರುಗನ್ನ ಮ್ಯಾಲ ಕರಕೊಂಡು ಬರ್ತೀನಿ" ಅಂದರು.

ಅವರ ಇಡೀ ಕಥೆ ಅಲ್ಲಿ ಮುರಿದುಬಿದ್ದದ್ದು ನನಗೊಬ್ಬಳಿಗೆ ಗೊತ್ತು. ನಾನು ನೆಲ ನೋಡಿದೆ.

"ಹೋಗೋ ಹೋಗು" ಅಂದಳು ನೀಲವ್ವ. "ಅಲ್ಲೆ ಇನ್ನ ನಾಕು ಮಂದಿ ಅದಾರ. ಅವರನ್ನ ಬಿಟ್ಟು ಬರಾವೇನು ಅಂವ? ನೀ ಎಳಕೊಂಡು ಬಂದ್ರ ಅಂವ ದುರುಗಲ್ಲ, ಬ್ಯಾರೆ ಯಾರೋ ಬಂದಂಗಾತು. ಬರ್ಲಿ ಅಂತ ನಾ ಎಲ್ಲೆ ಅಂದೀನಿ?"

"ಮತ್ತ ಈ ಒಪ್ಪತ್ತು?" ಎಂದು ಬಸಣ್ಣ ಬಾಗಿಲಿನಿಂದ ಕೇಳಿದ.

"ಅಂವ ಇಳಿದು ಎಷ್ಟು ತಿಂಗಳಾತೋ? ಆ ಊರಿನ ಅಗಳು ತಿನ್ನಂಗಿಲ್ಲ. ತಿಂದ್ರ ದಾರಿ ಮರೀತದ. ಇಷ್ಟು ತಿಂಗಳು ಹಸಗೊಂಡು ಮಂದಿನ್ನ ಹೊರಾಕತ್ತಾನ. ನಾ ಎರಡೂ ಹೊತ್ತು ಹೆಂಗ ಉಣ್ಣಲಿ? ನಿಮ್ಮಪ್ಪ ಮಳಿಗಾಲದಾಗ ಹರಗೋಲು ಹಾಕಿದ್ರ ಎರಡೆರಡು ದಿನ ಹೊಳಿ ಆಚಿ ದಂಡಿಗೇ ಹಸಗೊಂಡು ಇರ್ತಿದ್ದ. ಆವಾಗೂ ನಾ ಉಣ್ತಿದ್ದಿಲ್ಲ. ನೀ ಕೇಳಿದ್ರ ಹೇಳ್ತಿದ್ದೆ. ನೀ ಬರೇ 'ಬಿಡು ಬಿಡು' ಅಂದಿ."

ಬಸ್ಸು, ಹೋರಿ, ಪಂಚಾಂಗ, ಚಂದ್ರ, ಎಲ್ಲದರ ಬಗ್ಗೆ ನೂರಾರು ಮಂದಿ ಬರೆದಿದ್ದರು. ಅವನು ಉಂಡಿಲ್ಲ ಎಂದು ಒಬ್ಬರೂ ಬರೆದಿರಲಿಲ್ಲ.

ಆಗ ಆಕೆಯ ಕಣ್ಣು ನನ್ನ ಮೇಲೆ ಬಿತ್ತು. "ಈಕಿ ಯಾರು?"

"ನನ್ನ ಸೊಸಿ. ಬರಿಯೋ ಕೈ ಈಕಿದು" ಅಂದರು ಮಾವನವರು.

ನೀಲವ್ವ ನನ್ನ ಕೈ ಹಿಡಿದು ಅಂಗೈ ಮೇಲೆ ಮಾಡಿ ನೋಡಿದಳು. "ರೊಟ್ಟಿ ಬಡಿಯೋ ಕೈ ಅದು. ಅವಗ ಬಿಡು, ಗಂಡಸು. ನಿನಗಾದ್ರೂ ತಿಳೀಬಾರದೇನ ಬೇ?"

ಸುಳ್ಳು ಹೇಳಲಾರೆ, ನನಗೆ ತಿಳಿದಿತ್ತು. ಬರೆಯುವಾಗ ಎಷ್ಟೋ ಸಲ ಅನ್ನಿಸಿತ್ತು, ಈ ಕಥೆಯಲ್ಲಿ ಒಲೆಯೇ ಹೊತ್ತುವುದಿಲ್ಲವಲ್ಲ ಎಂದು. ದೊಡ್ಡವರ ಕಥೆಯಲ್ಲಿ ನಮ್ಮ ಅಡಿಗೆಮನೆಯ ಮಾತು ಯಾಕೆ ಎಂದು ಸುಮ್ಮನಾಗಿದ್ದೆ. ಆ ಹೊತ್ತು ನೆಲ ಬಿರಿದರೆ ಒಳಗೆ ಹೋಗುವಷ್ಟು ನಾಚಿಕೆಯಾಯಿತು. ತಡವರಿಸುತ್ತ, "ಮ್ಯಾಲಿಂದ ಯಾರರೆ ಬುತ್ತಿ ಕಟ್ಟಿ ಬಿಟ್ರ ಹೆಂಗವ್ವಾ? ಮನಿ ಊಟ ಉಂಡ್ರ ದಾರಿ ಮರಿಯಂಗಿಲ್ಲಲ್ಲ" ಅಂದೆ.

ನೀಲವ್ವ ಮಾವನವರ ಕಡೆ ತಿರುಗಿ ಹುಬ್ಬು ಹಾರಿಸಿದಳು. "ಕೇಳಿದೇನು?"

ಮಾವನವರು ಚಸ್ಮಾ ತೆಗೆದು ಧೋತರದ ಅಂಚಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

ಅಲ್ಲಿ ಉಂಡೇ ಬಂದೆವು. ಆಕೆ ನಮಗೆ ಬಡಿಸಿದಳು, ತಾನು ಉಣ್ಣಲಿಲ್ಲ. ಆ ದಿನದ ಒಂದೂಟ ಮುಗಿದಿತ್ತು.

ಮುಂದಿನ ಶುಕ್ರವಾರ ನನ್ನ ಪೂಜೆ ಮುಗಿಯುವವರೆಗೆ ಮಾವನವರು ಕೂಗಲಿಲ್ಲ. ಬಂದು ಎದುರಿಗೆ ಕೂತು, "ಏನು ಕಟ್ಟೋಣ ಯವ್ವಾ?" ಅಂದರು. ಈ ಮನೆಯಲ್ಲಿ ಕಥೆಗೆ ಏನು ಬೇಕು ಎಂದು ನನ್ನನ್ನು ಕೇಳಿದ್ದು ಅದೇ ಮೊದಲು. ನಾನು ಹೇಳಿದೆ: ಎಳ್ಳು ಹಚ್ಚಿದ ಸಜ್ಜೆಯ ಕಟಕ ರೊಟ್ಟಿ, ಅದು ಒಣಗಿ ಗರಿಗರಿ, ಬಹಳ ದಿನ ಕೆಡುವುದಿಲ್ಲ. ಗುರೆಳ್ಳು ಹಿಂಡಿ, ಆ ಕರಿ ಚಟ್ನಿಪುಡಿ. ಒಂದು ಉಳ್ಳಾಗಡ್ಡಿ. ಬೆಲ್ಲದ ತುಣುಕು.

"ಹುಚ್ಚಿ, ನೀರಾಗ ಕಟಕ ರೊಟ್ಟಿ ಹೆಂಗ ಉಳಿತದ?"

"ನೀರಾಗ ದೀಪ ಉರಿತಾವ ಅಂತ ಬರಸೀರಿ, ರೊಟ್ಟಿ ಕಟಕ ಉಳಿಯಂಗಿಲ್ಲೇನ್ರಿ?"

ಒಳಗಿನಿಂದ ಅತ್ತೆ ನಕ್ಕದ್ದು ಕೇಳಿಸಿತು. ಮಾವನವರೂ ನಕ್ಕರು. ಬುತ್ತಿ ಬಿಡುವವರು ಯಾರು? ಮೊದಲು ಮೇಲೆ ಬಂದವಳು ಮದುಮಗಳು. ಅವಳು ಬಿಡಲಿ ಎಂದೆ. ಸೋಮವಾರ ಸೋಮವಾರ ಅವಳು ಅರಿವೆಯಲ್ಲಿ ಬುತ್ತಿ ಕಟ್ಟಿ, ಗಂಟಿಗೆ ಒಂದು ಕಲ್ಲು ಬಿಗಿದು, ಮಡುವಿನಲ್ಲಿ ಮೆಲ್ಲಗೆ ಬಿಡುತ್ತಾಳೆ. ಕೆಳಗೆ ದುರುಗ ಮೊದಲ ತುತ್ತು ಬಾಯಿಗಿಟ್ಟಾಗ ಎರಡು ಕಣ್ಣೂ ತುಂಬುತ್ತವೆ, ಆದರೆ ನೀರಿನ ಊರಿನಲ್ಲಿ ಅತ್ತದ್ದು ಯಾರಿಗೂ ಕಾಣುವುದಿಲ್ಲ. ಈ ಕೊನೆಯ ಮಾತು ಮಾವನವರದು. ನನಗೆ ಅಷ್ಟು ಬರುವುದಿಲ್ಲ.

ಆ ತಿಂಗಳು ಯಾರಿಗೂ ಉತ್ತರ ಬರೆಯಲಿಲ್ಲ. ಅಧ್ಯಾಯ ಹೋಯಿತು, ಅಚ್ಚಾಯಿತು. ನಾವು ಕಾದೆವು. ನಾನು ದಿನಾ ಪೂಜೆಯಲ್ಲಿ ಆ ಮುದುಕಿಯ ಹೆಸರು ಹೇಳಿ ಒಂದು ಬಿಲ್ವಪತ್ರೆ ಹೆಚ್ಚಿಗೆ ಏರಿಸುತ್ತಿದ್ದೆ. ಮಾವನವರು ಕಚೇರಿಯಿಂದ ಬಂದವರೇ ನನ್ನ ಮುಖ ನೋಡುವರು, ನಾನು ಇಲ್ಲವೆಂದು ತಲೆಯಾಡಿಸುವೆ. ಕಟ್ಟೆಯ ಮೇಲೆ ಕಥೆ ನಿಂತೇಹೋಗಿತ್ತು.

ಇಪ್ಪತ್ತು ದಿನದ ಮೇಲೆ ಬಸಣ್ಣನ ಕಾರ್ಡು ಬಂತು. ನಾನು ಓದಿದೆ. "ಅವ್ವ ಬುತ್ತಿಯ ಭಾಗ ಎರಡು ಸಲ ಓದಿಸಿದಳು. ಆಮೇಲೆ ಎದ್ದು ತಾನೇ ತಾಟು ತೆಗೆದುಕೊಂಡು ಸಂಜೆಯ ಊಟಕ್ಕೆ ಕೂತಳು. ಈಗ ಎರಡೂ ಹೊತ್ತು ಉಣ್ಣುತ್ತಾಳೆ. ಮದುಮಗಳು ಗುರೆಳ್ಳು ಹಿಂಡಿಗೆ ಬಳ್ಳೊಳ್ಳಿ ಹಾಕಿದ್ದಾಳೋ ಇಲ್ಲವೋ ಬರೆದಿಲ್ಲ, ಬರೆಯುವ ಹುಡುಗಿಗೆ ಕೇಳು ಎಂದು ಹೇಳಿದ್ದಾಳೆ."

ಮಾವನವರು ಎದ್ದು ಜಗಲಿಯ ಮುಂದೆ ಅಡ್ಡಬಿದ್ದರು. ಅವರು ಹಾಗೆ ಬೀಳುವ ಮನುಷ್ಯರಲ್ಲ. ಎದ್ದು ಬಂದು, "ಬರಿ ಯವ್ವಾ. 'ಬಳ್ಳೊಳ್ಳಿ ಹಾಕೇದ.' ಇಷ್ಟ ಬರಿ. ಕೆಳಗ ನಿನ್ನ ಹೆಸರು ಹಾಕು" ಅಂದರು. ಹಾಕಿದೆ. ಅಷ್ಟು ಪತ್ರಗಳಲ್ಲಿ ನನ್ನ ಹೆಸರಿರುವುದು ಅದೊಂದರಲ್ಲಿ.

ಕಥೆ ಮುಗಿಯಿತು, ಮುಗಿಯಬೇಕಾದ ಹಾಗೆಯೇ. ದುರುಗ ಬರಲಿಲ್ಲ. ಆಗ ಬಂದ ಪತ್ರಗಳನ್ನು ಏನು ಹೇಳಲಿ? ಕಟುಕರು, ಕಲ್ಲೆದೆಯವರು, ನಿಮ್ಮ ಕೈ ಸೇದಿಹೋಗಲಿ ಎಂದು ಕೂಡ ಬರೆದರು. ಕೈ ನನ್ನದಾದ್ದರಿಂದ ಸ್ವಲ್ಪ ಹೆದರಿಕೆಯಾಯಿತು. ಜೋಯಿಸರು ಪತ್ರಿಕೆ ತರಿಸುವುದನ್ನೇ ಬಿಟ್ಟರು. ಮಾವನವರು ಒಂದಕ್ಕೂ ಬೇಸರಪಡಲಿಲ್ಲ. ಅವರು ಕಾಯುತ್ತಿದ್ದದ್ದು ಒಂದೇ ಕಾರ್ಡಿಗೆ. ಅದೂ ಬಂತು. "ಅವ್ವ ಕೇಳಿದಳು. 'ಇರ್ಲಿ ಬಿಡು. ಅವಗ ಅಲ್ಲೆ ಕೆಲಸ ಅದ. ಉಣ್ಣಾಕ ಸಿಗತದಲ್ಲ' ಅಂದಳು."

ಹೆಸರು, ಕೀರ್ತಿ ಎಂದೆಲ್ಲ ಅಕ್ಕೋರು ನನ್ನನ್ನು ಕೇಳಿದರು. ನಿಮ್ಮ ಮಾವನವರಿಗೆ ಅದರ ಬಗ್ಗೆ ಏನನ್ನಿಸುತ್ತಿತ್ತು ಎಂದು. ದೊಡ್ಡ ಮಾತು ನನಗೆ ತಿಳಿಯದು. ಊರೂರಲ್ಲಿ ಹೆಸರಾದ ಮನುಷ್ಯ, ಒಬ್ಬ ಮುದುಕಿಯ ಒಂದು ಹೊತ್ತಿನ ಊಟಕ್ಕಾಗಿ ಇದ್ದಲಿ ಬಸ್ಸು ದೂಡಿಕೊಂಡು ಹೋದರು. ತಮ್ಮ ಕಥೆಯನ್ನು ಅವಳ ಕಾಲಬುಡದಲ್ಲಿ ಇಟ್ಟರು. ಅವಳು ಎತ್ತಿ ಅವರ ಕೈಗೇ ಕೊಟ್ಟಳು. ಅಂಥವರ ಮನೆಯಲ್ಲಿ ನಾನು ಸೊಸೆಯಾಗಿದ್ದೆ. ಎಣಿಸಿಕೊಳ್ಳುವ ಕೃಪೆಗಳಲ್ಲಿ ಇದು ಎಷ್ಟನೆಯದೋ, ಲೆಕ್ಕ ತಪ್ಪಿದೆ.

ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅಂಗಳದ ಬಿಸಿಲು ಗೋಡೆ ಏರಿತ್ತು. ಅಕ್ಕೋರು ಕಾಗದ ಜೋಡಿಸುತ್ತ, "ಅಮ್ಮಾ, ಪುಸ್ತಕದಾಗ ನಿಮ್ಮ ಹೆಸರು ಹೆಂಗ ಹಾಕೂಣು? ಎಲ್ಲಾ ಪತ್ರ ಬರದವರು ಅಂತ ಹಾಕಲೇನು?" ಎಂದು ಕೇಳಿದರು.

ಬೇಡ ಎಂದು ವಿನಯದಿಂದ ಹೇಳಬೇಕು, ಅದೇ ಪದ್ಧತಿ. ಆದರೆ ಈ ವಯಸ್ಸಿಗೆ ಪದ್ಧತಿ ಸಾಕಾಯಿತು ಅನ್ನಿಸಿತು.

"ಪತ್ರ ಅವರವ" ಅಂದೆ. "ಬುತ್ತಿ ನಂದು. ಅಷ್ಟು ಹಾಕ್ರಿ."

ಅಕ್ಕೋರು ಬರೆದುಕೊಂಡರು. ಆಗ ನೋಡಿದೆ, ಅವರ ತುಟಿ ಒಣಗಿದ್ದವು. ರಾಯಚೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟು ಬಂದ ಹೆಣ್ಣುಮಗಳು. ನಾನು ಕೂತಲ್ಲಿಂದಲೇ ನೀರಿನ ಕೊಡ ತೋರಿಸಿದವಳು, ಇಷ್ಟು ಹೊತ್ತು ನನ್ನ ಹೆಮ್ಮೆಯನ್ನೇ ಬಡಿಸಿದ್ದೆ.

"ಊಟ ಆಗ್ಯಾದೇನ್ರಿ ನಿಮಗ?"

"ಇರ್ಲಿ ಬಿಡ್ರಿ ಅಮ್ಮಾ, ಚಹಾ ಆದ್ರ ಸಾಕು. ಎರಡರ ಬಸ್ಸು ಅದ."

"ಬಸ್ಸು ನಾಕಕ್ಕೂ ಅದ, ಕುಂದರ್ರಿ."

ಹುಣಸೆಹಣ್ಣನ್ನು ಮೂಲೆಗೆ ಸರಿಸಿ, ಕೈ ತೊಳೆದುಕೊಂಡು, ಹಂಚು ಒಲೆಯ ಮೇಲಿಟ್ಟೆ. ಪರಾತಕ್ಕೆ ಜೋಳದ ಹಿಟ್ಟು ಸುರಿದು, ನಡುವೆ ಕುಳಿ ಮಾಡಿ, ಬಿಸಿನೀರು ಬಿಟ್ಟು ನಾದತೊಡಗಿದೆ.